ಹಸಿವಾಗುವ ಮುನ್ನವೇ ತಿನ್ನಿ

ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ಮರಳಿ ಪ್ಯಾರಿಸ್ಸಿಗೆ ಬರುವುದೆಂದರೆ ಸುಮಾರು 1,200 ಕಿಲೋಮೀಟರ್. 1891ರಲ್ಲಿ ಫ್ರೆಂಚ್ ಸವಾರ ಶಾರ್ಲ್ ತೆರೋಂ ನಿದ್ದೆಗೆಟ್ಟು, 71 ಗಂಟೆ 22 ನಿಮಿಷಗಳಲ್ಲಿ ಈ ದೂರವನ್ನು ಸೈಕಲ್ ತುಳಿದು ಮುಗಿಸಿದ. ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಈ ಸವಾರಿಯಲ್ಲಿ ಹವ್ಯಾಸಿಗಳಿಗೆ ಸಿಗುವ ಗರಿಷ್ಠ ಅವಧಿ 90 ಗಂಟೆ.

ಲೆಕ್ಕ ಹಾಕಿ ನೋಡಿ. ಗಂಟೆಗೆ 20 ಕಿಲೋಮೀಟರ್ ತುಳಿದರೂ 60 ಗಂಟೆ ಸಾಕು. ಉಳಿದ 30 ಗಂಟೆ ಊಟ, ನಿದ್ದೆ, ಪಂಕ್ಚರಿಗೆ. ಹಾಗಿರುವಾಗ ಮೊದಲ ದಿನವೇ ಏರಿನಲ್ಲಿ ಪೌರುಷ ತೋರಿಸುವುದೇಕೆ? ಪಕ್ಕದವರೊಡನೆ ಮಾತನಾಡಿಕೊಂಡು ಹೋಗುವಷ್ಟು ವೇಗವಿದ್ದರೆ ದೇಹ ಕೊಬ್ಬನ್ನು ಹೆಚ್ಚು ಉರಿಸುತ್ತದೆ, ಸ್ನಾಯುಗಳಲ್ಲಿನ ಗ್ಲೈಕೋಜನ್ ಉಳಿಯುತ್ತದೆ.

ಈ ಗ್ಲೈಕೋಜನ್ ದಾಸ್ತಾನು ದೇಹದಲ್ಲಿ ಇರುವುದೇ ಸುಮಾರು ಅರ್ಧ ಕಿಲೋ. ಬಿರುಸಾಗಿ ತುಳಿದರೆ ಎರಡು ಮೂರು ಗಂಟೆಗಳಲ್ಲಿ ಬರಿದು. ಆಗ ಕೈಕಾಲು ನಡುಕ, ಕಣ್ಣಿಗೆ ಕತ್ತಲೆ. ಹಸಿವಾದ ಮೇಲೆ ತಿಂದರೆ ತಡವಾಯಿತೆಂದೇ ಅರ್ಥ. ಗಂಟೆಗೆ ಎರಡು ದೊಡ್ಡ ಬಾಳೆಹಣ್ಣಿನಲ್ಲಿರುವಷ್ಟು, ಅಂದರೆ ಸುಮಾರು 60 ಗ್ರಾಂ ಪಿಷ್ಟ, ಸಕ್ಕರೆ ಸ್ವಲ್ಪ ಸ್ವಲ್ಪವಾಗಿ ಹೊಟ್ಟೆ ಸೇರುತ್ತಿರಬೇಕು. ಬರೀ ನೀರು ಸಾಲದು; ಬೆವರಿನಲ್ಲಿ ಹೋದ ಉಪ್ಪೂ ಮರಳಬೇಕು.

ಬರಿದಾದ ಸ್ನಾಯು ಪೂರ್ತಿ ತುಂಬಲು ಸುಮಾರು ಒಂದು ದಿನ ಬೇಕು. ಆದ್ದರಿಂದ ಸೈಕಲ್ ಇಳಿದ ಕೂಡಲೇ ಅನ್ನವೋ ಬ್ರೆಡ್ಡೋ, ಜೊತೆಗೆ ಬೇಳೆ, ಮೊಸರು, ಮೊಟ್ಟೆ ಏನಾದರೂ ತಿಂದು ಮಲಗುವುದು ಜಾಣತನ. ನಿದ್ದೆಯನ್ನು ಕಡಿಮೆ ಮಾಡಿ ಗಂಟೆ ಉಳಿಸಿದವನು ಇಳಿಜಾರಿನಲ್ಲಿ ತೂಕಡಿಸಿದರೆ, ಉಳಿಸಿದ ಗಂಟೆಯಿಂದ ಫಲವೇನು?