ಸಾಲು ತಪ್ಪಿದರೆ ಬೀಳೋದು ಟೆಸ್ಟೇ ಅಲ್ಲ

"ಸಾಫ್ಟ್‌ವೇರ್ ಟೆಸ್ಟುಗಳನ್ನ ಇಸ್ಪೀಟ್ ಎಲೆ ಥರ ಕಲಸಿ ಓಡಿಸಬೇಡಿ, ಸುಮ್ನೆ ಫೇಲಾಗ್ತವೆ" ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ ಮಾರಾಯ್ರೆ. ಸುಮ್ನೆ ಯಾಕ್ರೀ ಫೇಲಾಗುತ್ತೆ? ಮೊದಲ ಟೆಸ್ಟು ಡೇಟಾಬೇಸಿಗೆ ಗ್ರಾಹಕನೊಬ್ಬನನ್ನ ಸೇರಿಸಿ, ಅಳಿಸದೆ ಹೋಗಿರುತ್ತೆ. ಎರಡನೆಯದು ಅವನನ್ನೇ ನಂಬಿಕೊಂಡು ಪಾಸಾಗಿರುತ್ತೆ. ಪರೀಕ್ಷೆಯಲ್ಲಿ ಮುಂದಿನ ಬೆಂಚಿನವನನ್ನ ನೋಡಿ ಬರೆದ ಹಾಗೆ. ಜಾಗ ಬದಲಿಸಿದ್ರೆ ಬಣ್ಣ ಬಯಲು!

ಈ ಸಾಲನ್ನ ನಂಬೋ ಹಾಗೂ ಇಲ್ಲ. 2011ರಲ್ಲಿ ಜಾವಾ 7 ಬಂದಾಗ ಕ್ಲಾಸಿನೊಳಗಿನ ಮೆಥಡ್‌ಗಳು ಸಿಗೋ ಕ್ರಮವೇ ಬದಲಾಯ್ತು. ಹಳೇ ಕ್ರಮವನ್ನ ನೆಚ್ಚಿಕೊಂಡಿದ್ದ ಜೆಯೂನಿಟ್ ಟೆಸ್ಟುಗಳು ಮುಗ್ಗರಿಸಿದವು. ಕೋಡಿನಲ್ಲಿ ಒಂದಕ್ಷರ ಬದಲಾಗದಿದ್ರೂ!

"ಇವತ್ತು ಫೇಲಾದ ಕ್ರಮ ನಾಳೆ ಮತ್ತೆ ಸಿಗಲ್ವಲ್ಲ?" ಅಂತೀರಾ? ಸಿಗುತ್ತೆ. ಆರ್‌ಸ್ಪೆಕ್ ಇರಲಿ, ಮಿನಿಟೆಸ್ಟ್ ಇರಲಿ, 2021ರಲ್ಲಿ ಬಂದ ಗೋ 1.17 ಇರಲಿ, ಕಲಸೋವಾಗ ಬಳಸಿದ ಸೀಡ್ ಸಂಖ್ಯೆಯನ್ನ ತೋರಿಸುತ್ತವೆ. ಅದನ್ನೇ ವಾಪಸ್ ಕೊಟ್ಟರೆ ಅದೇ ಕ್ರಮ ಬರುತ್ತೆ. ಆಮೇಲೆ ತಪ್ಪು ಹುಡುಕೋದಷ್ಟೇ ಕೆಲಸ.

ಫೇಲಾದ ಟೆಸ್ಟಿನ ಬಾಯಿ ಮುಚ್ಚಿಸೋ ಬದಲು ಅದೇನು ಹೇಳ್ತಿದೆ ಅಂತ ಕೇಳಿ. ನಮ್ಮ ಬಳಕೆದಾರರು ಟೆಸ್ಟಿನ ಸಾಲು ನೋಡ್ಕೊಂಡು ಬಟನ್ ಒತ್ತಲ್ಲ ಸ್ವಾಮಿ... ಏನಂತೀರಿ? :)