ಭೂತಾನ್: ನೆರವು ದ್ವಿಗುಣ, ಅಣೆಕಟ್ಟು ಅಪೂರ್ಣ

2017ರಲ್ಲಿ ಡೋಕ್ಲಾಮ್‌ನಲ್ಲಿ ಭಾರತ-ಚೀನಾ ಸೇನೆಗಳು 73 ದಿನ ಮುಖಾಮುಖಿಯಾದ ನಂತರ ದೆಹಲಿ-ಥಿಂಪು ಮಾತುಕತೆಗಳಲ್ಲಿ ಭದ್ರತೆ ಹಾಗೂ ಅಭಿವೃದ್ಧಿಯನ್ನು ಬೇರ್ಪಡಿಸುವುದು ಕಷ್ಟವಾಗಿದೆ. 2007ರ ಪರಿಷ್ಕೃತ ಒಪ್ಪಂದದ ಪ್ರಕಾರ ಭೂತಾನ್ ವಿದೇಶಾಂಗ ವ್ಯವಹಾರದಲ್ಲಿ ಭಾರತದ ಸಲಹೆಗೆ ಬದ್ಧವಲ್ಲ. 2021ರಲ್ಲಿ ಗಡಿ ಇತ್ಯರ್ಥಕ್ಕೆ ಅದು ಚೀನಾದೊಂದಿಗೆ ಮೂರು ಹಂತದ ಮಾರ್ಗಸೂಚಿಗೆ ಸಹಿ ಹಾಕಿತು.

ದೆಹಲಿ ಹಣದ ಮೂಲಕ ಉತ್ತರಿಸಿದಂತಿದೆ. ಭೂತಾನಿನ 2024-29ರ ಪಂಚವಾರ್ಷಿಕ ಯೋಜನೆಗೆ 10 ಸಾವಿರ ಕೋಟಿ ರೂ. ನೆರವು, ಹಿಂದಿನದರ ಎರಡರಷ್ಟು! 2025ರಲ್ಲಿ 1,020 ಮೆಗಾವಾಟ್‌ನ ಪುನಾತ್‌ಸಾಂಗ್‌ಛು-2 ಜಲವಿದ್ಯುತ್ ಯೋಜನೆಯೂ ಉದ್ಘಾಟನೆಗೊಂಡಿತು. ಆದರೆ ಅದೇ ನದಿಯ 1,200 ಮೆಗಾವಾಟ್‌ನ ಮೊದಲ ಯೋಜನೆಗೆ 2013ರ ಭೂಕುಸಿತ ಅಡ್ಡಿಯಾಯಿತು. ಅಣೆಕಟ್ಟು ಕಾಮಗಾರಿ ಪುನರಾರಂಭಕ್ಕೆ ಉಭಯ ಸರ್ಕಾರಗಳು ಸಮ್ಮತಿಸಿದ್ದು 2025ರಲ್ಲಷ್ಟೇ. ಯೋಜನೆಯ ಬಹುಪಾಲು ಹಣ ಭಾರತದ ಸಾಲ. ವಿಳಂಬದ ಹೊರೆ ಬೀಳುವುದು ವಿದ್ಯುತ್ ಮಾರಾಟವನ್ನೇ ನಂಬಿದ ಭೂತಾನಿನ ಮೇಲೆ.