ಡಿಕ್ರಿ ಎಲ್ಲಿದೆ, ತೋರಿಸು!

ಸಾಲ ಕಟ್ಟದಿದ್ರೆ ಜೈಲು. ನಮ್ಮ ಕೇರಿಗಳಲ್ಲಿ ಸಣ್ಣ ಮಕ್ಕಳಿಗೂ ಗೊತ್ತಿರುವ 'ಕಾನೂನು' ಇದು. ಹಿಂದೆ ಒಡೆಯನ ಜಗಲಿಯಿಂದ ಈ ಮಾತು ಬರುತ್ತಿತ್ತು. ಈಗ ಸಂಘದ ಕಂತು ವಸೂಲಿಗೆ ಬೈಕಿನಲ್ಲಿ ಬರುವ ಏಜೆಂಟನ ಬಾಯಿಂದ ಬರುತ್ತದೆ. ಇದು ಸುಳ್ಳು. ನಮ್ಮ ಅಜ್ಜಂದಿರನ್ನು ಜೀತಕ್ಕೆ ಕಟ್ಟಿದ ಸುಳ್ಳು. ನಮ್ಮ ಅಕ್ಕಂದಿರನ್ನು ರಾತ್ರೋರಾತ್ರಿ ಮನೆಗೆ ಬೀಗ ಹಾಕಿ ಊರು ಬಿಡಿಸುವ ಸುಳ್ಳು.

ಹಾಗಾದರೆ ಕಾನೂನು ಏನನ್ನುತ್ತದೆ? ಸಾಲ ಕೊಟ್ಟವನು ಸಾಮಾನ್ಯವಾಗಿ ಮೂರು ವರ್ಷದೊಳಗೆ ಕೋರ್ಟಿನಲ್ಲಿ ದಾವೆ ಹಾಕಬೇಕು. ಗೆದ್ದು ಡಿಕ್ರಿ ಪಡೆಯಬೇಕು. ಆಮೇಲೂ ಜಪ್ತಿಗೆ ಬರಬೇಕಾದವನು ಕೋರ್ಟಿನ ಅಮೀನ, ಕಂಪನಿಯ ಏಜೆಂಟನಲ್ಲ. ಆ ಅಮೀನನಿಗೂ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಮೂಗುದಾರ ಹಾಕಿದೆ. ಉಡುವ ಬಟ್ಟೆ, ಅಡಿಗೆ ಪಾತ್ರೆ, ಹಾಸಿಗೆ ಮುಟ್ಟುವ ಹಾಗಿಲ್ಲ. ಧರ್ಮದ ರೂಢಿಯಂತೆ ಹೆಣ್ಣು ಬಿಚ್ಚಬಾರದ ತಾಳಿ ಮುಟ್ಟುವ ಹಾಗಿಲ್ಲ. ಕಸುಬಿನವನ ಸಲಕರಣೆ, ಕೂಲಿಯವನ ಕೂಲಿ, ಅವನು ವಾಸವಿರುವ ಗುಡಿಸಲು ಜಪ್ತಿಯಾಗುವ ಹಾಗಿಲ್ಲ. ಅಡವು ಬರೆದುಕೊಟ್ಟ ಮನೆಯ ಮಾತು ಬೇರೆ.

56ನೇ ಕಲಮು ಕೇಳಿ: ಹಣದ ಡಿಕ್ರಿಗಾಗಿ ಹೆಂಗಸನ್ನು ಸಿವಿಲ್ ಜೈಲಿಗೆ ಹಾಕುವಂತೆಯೇ ಇಲ್ಲ. ಮೈಕ್ರೋ ಫೈನಾನ್ಸಿನವರು ಹೆಚ್ಚಾಗಿ ಸಾಲ ಕೊಡುವುದು ಯಾರಿಗೆ? ಹೆಂಗಸರಿಗೆ. ಜೈಲಿನ ಹೆದರಿಕೆ ಹಾಕುವುದು ಯಾರಿಗೆ? ಅದೇ ಹೆಂಗಸರಿಗೆ!

ಗಂಡಸರ ಗತಿ? 1980ರಲ್ಲೇ ಜಾಲಿ ಜಾರ್ಜ್ ವರ್ಗೀಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿಯಾಯಿತು: ಕೈಯಲ್ಲಿದ್ದೂ ಕೊಡದ ಮೋಸಗಾರನನ್ನು ಹಿಡಿಯಬಹುದು, ಬರಿಗೈಯವನನ್ನು ಬಡತನಕ್ಕಾಗಿ ಜೈಲಿಗೆ ಹಾಕುವಂತಿಲ್ಲ. ಜೀತ ರದ್ದು ಮಾಡಿದ 1976ರ ಕಾಯ್ದೆ ಜೀತದ ಸಾಲವನ್ನೇ ಅಳಿಸಿಹಾಕಿತು.

ಒಂದು ಬಲೆ ಇದೆ, ಎಚ್ಚರ. ಚೆಕ್ಕು. ಕೊಟ್ಟ ಚೆಕ್ಕು ಹಣವಿಲ್ಲದೆ ವಾಪಸಾಗಿ, ನೋಟಿಸು ಬಂದ ಮೇಲೂ ಕಟ್ಟದಿದ್ದರೆ ಅದು ಕ್ರಿಮಿನಲ್ ಕೇಸು, ಎರಡು ವರ್ಷದವರೆಗೆ ಜೈಲು. ಖಾಲಿ ಚೆಕ್ಕಿಗೆ ಸಹಿ ಹಾಕುವುದೆಂದರೆ ನಮ್ಮ ಕೈಗೆ ನಾವೇ ಕೋಳ ತೊಡಿಸಿಕೊಂಡಂತೆ.

ಈಗ ಉಳ್ಳವರ ಕಡೆ ನೋಡಿ. 2016ರ ದಿವಾಳಿ ಸಂಹಿತೆಯ ಪ್ರಕಾರ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತೆಂದರೆ ದಾವೆ, ವಸೂಲಿ ಎಲ್ಲ ನಿಲ್ಲಬೇಕು. ಬಾಕಿಯಲ್ಲಿ ಬ್ಯಾಂಕು ಬಿಟ್ಟುಕೊಡುವ ಪಾಲಿಗೆ 'ಹೇರ್‌ಕಟ್' ಅಂತ ಹೆಸರು. ನಮ್ಮವರ ತಲೆ ಮುಟ್ಟದ ಕ್ಷೌರದಂಗಡಿಗಳಿರುವ ನಾಡಿನಲ್ಲಿ ಬ್ಯಾಂಕು ಕಂಪನಿಗಾಗಿ ತನ್ನ ತಲೆಯನ್ನೇ ಬೋಳಿಸಿಕೊಳ್ಳುತ್ತದೆ! ಅದೇ ಸಂಹಿತೆಯಲ್ಲಿ 35 ಸಾವಿರದೊಳಗಿನ ಸಾಲದ ಕಡುಬಡವರಿಗೂ ಬಿಡುಗಡೆಯ ಅಧ್ಯಾಯವಿದೆ. ಕಂಪನಿಯ ಅಧ್ಯಾಯ ಅದೇ ವರ್ಷ ಜಾರಿಗೆ ಬಂತು. ಬಡವರದ್ದು ವರ್ಷಗಟ್ಟಲೆ ಕಾಗದದಲ್ಲೇ ಕೊಳೆಯಿತು. ಇದು ಯಾರ ಮರೆವು, ಸ್ವಾಮಿ?

ಜನ ಪ್ರಾಣ ಕಳೆದುಕೊಂಡ ಮೇಲೆ, 2025ರ ಫೆಬ್ರವರಿಯಲ್ಲಿ, ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತಂದಿತು. ಕಿರುಕುಳ ಕೊಟ್ಟು ವಸೂಲಿ ಮಾಡಿದರೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಒಳ್ಳೆಯದೇ. ಆದರೆ ಕಾನೂನು ವಿಧಾನಸೌಧದಿಂದ ತಾನಾಗಿ ನಡೆದುಕೊಂಡು ಕೇರಿಗೆ ಬರುವುದಿಲ್ಲ. ದೂರು ಬರೆದುಕೊಡುವವರು ಬೇಕು, ಠಾಣೆಯಲ್ಲಿ ಜೊತೆಗೆ ನಿಲ್ಲುವವರು ಬೇಕು.

ಓದಿದ ಗೆಳೆಯರೇ, ಬಾಬಾಸಾಹೇಬರು ಬ್ಯಾರಿಸ್ಟರಾದದ್ದು ನಮ್ಮ ಗೋಡೆಯ ಫೋಟೋ ಆಗಲಿಕ್ಕಲ್ಲ. ಕೇರಿಯ ಕಟ್ಟೆಯ ಮೇಲೆ ಕೂತು 56, 60ನೇ ಕಲಮುಗಳನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ. ಅಕ್ಕಂದಿರೇ, ಸಾಲ ಸಾಲವೇ, ಅದು ಇಲ್ಲವೆಂದು ಯಾರೂ ಅನ್ನುತ್ತಿಲ್ಲ. ಆದರೆ ಬಾಗಿಲಲ್ಲಿ ನಿಂತು ಪಾತ್ರೆ ಎಸೆಯುವವನನ್ನು, ಜಾತಿ ಹಿಡಿದು ಬೈಯುವವನನ್ನು ಇಡೀ ಸಂಘವೇ ಸುತ್ತುವರಿದು ಕೇಳಲಿ: ಡಿಕ್ರಿ ಎಲ್ಲಿದೆ? ತೋರಿಸು!